ಗಿರಣಿಯ ಶ್ರುತಿ

ಪಿನ್ನು ಇವತ್ತೂ ಓರೆಯಾಗಿಯೇ ಇದೆ, ಸಾವಂತ್ರೆವ್ವನ ಕುತ್ತಿಗೆಯ ಕೆಳಗೆ, ಸೆರಗನ್ನು ಕುಪ್ಪಸಕ್ಕೆ ಕಚ್ಚಿಸಿದ ಅದೇ ಹಳೆಯ ಪಿನ್ನು, ಒಂದು ಮಗ್ಗುಲು ತುಕ್ಕು, ಒಂದು ಮಗ್ಗುಲು ಹೊಳಪು, ನಾನು ಲಗ್ನವಾಗಿ ಮಾಗಡಿಗೆ ಬಂದಾಗಿನಿಂದ ಇದನ್ನೇ ನೋಡಿಕೊಂಡು ಹಾಡಿದ್ದೇನೆ, ಹಿಮ್ಮೇಳದಲ್ಲಿ ಕೂತವರಿಗೆ ದೇವರೂ ಕಾಣುವುದಿಲ್ಲ, ಜನರೂ ಕಾಣುವುದಿಲ್ಲ, ಮುಂದೆ ಕೂತವಳ ಬೆನ್ನು ಕಾಣುತ್ತದೆ, ಅವಳು ಉಸಿರೆಳೆದುಕೊಂಡರೆ ಪಿನ್ನು ಏಳುತ್ತದೆ, ಪಿನ್ನು ಎದ್ದರೆ ನಾವೂ ಉಸಿರು ತುಂಬಿಕೊಂಡು ತಾಳ ಹಿಡಿದು ತಯಾರಾಗಬೇಕು, ಇಷ್ಟೇ ನಮ್ಮ ಸಂಗೀತಶಾಸ್ತ್ರ, ಇದಕ್ಕೆ ಯಾವ ಪರೀಕ್ಷೆಯೂ ಇಲ್ಲ — ಪರೀಕ್ಷೆ ಇಲ್ಲ ಎಂದುಕೊಂಡಿದ್ದೆ, ಇವತ್ತು ಇದೆಯಲ್ಲ, ಲಕ್ಷ್ಮೇಶ್ವರದ ಈ ಕಲ್ಯಾಣ ಮಂಟಪದಲ್ಲಿ, ಹೆಣ್ಣುಮಕ್ಕಳ ಭಜನಾ ಮೇಳಗಳ ಸ್ಪರ್ಧೆ, ವೇದಿಕೆಯ ಬಲಕ್ಕೆ ಮೇಜಿನ ಮೇಲೆ ಕೆಂಪು ಬಟ್ಟೆ ಹಾಸಿ ಬಹುಮಾನದ ಹೊಸ ಹಾರ್ಮೋನಿಯಂ ಇಟ್ಟು ಅದಕ್ಕೊಂದು ಚೆಂಡುಹೂವಿನ ಹಾರವನ್ನೂ ಹಾಕಿದ್ದಾರೆ, ಮದುಮಗನ ಹಾಗೆ ಕೂತಿದೆ ಅದು, ಎಲ್ಲ ಊರಿನ ಹೆಂಗಸರೂ ಅದನ್ನೇ ನೋಡುತ್ತಿದ್ದಾರೆ. ಈಗ ಹಾಡುತ್ತಿರುವುದು ಮುಂಡರಗಿಯವರು, ಎಲ್ಲರೂ ಒಂದೇ ನಮೂನೆಯ ಹಸಿರು ಸೀರೆ, ಒಂದೇ ನಮೂನೆಯ ಅಂಬಾಡೆ ತುರುಬು, ಬಾಯಿ ತೆರೆಯುವುದೂ ಒಂದೇ ಅಳತೆಗೆ, ಅವರ ಮಗ್ಗುಲಲ್ಲಿ ಕರೆಂಟಿನ ಶ್ರುತಿಪೆಟ್ಟಿಗೆಯೊಂದು ತಾನೇ ಗುಂಯ್‌ಗುಡುತ್ತಿದೆ, ನಾವು ವೇದಿಕೆಯ ಪಕ್ಕದ ಪರದೆಯ ಹಿಂದೆ ಬೆವರು ಒರೆಸಿಕೊಳ್ಳುತ್ತ ನಿಂತಿದ್ದೇವೆ, ಹನಮಂತವ್ವ ಬೆಳಿಗ್ಗೆ ಶಿರಹಟ್ಟಿಯಲ್ಲಿ ಟೆಂಪೋ ನಿಲ್ಲಿಸಿ ತಿಂದ ಮಿರ್ಚಿಭಜಿ ಈಗ ತೇಗಾಗಿ ಬರುತ್ತಿದೆ, ತೇಗಿನಲ್ಲೂ ಅವಳು ಅರ್ಧ ತಾಳ ಹಿಂದೆ, ಅಖ್ತರಿ ನಗು ತಡೆಯಲು ಸೆರಗು ಕಚ್ಚಿಕೊಂಡಿದ್ದಾಳೆ. ಮುಂಡರಗಿಯವರು ಚೆನ್ನಾಗಿಯೇ ಹಾಡುತ್ತಿದ್ದಾರೆ, ಸುಳ್ಳೇಕೆ ಹೇಳಲಿ.

ಮೇಳದ ರಿವಾಜು ಒಂದೇ, ಮುಂದಿನವಳು ಹೇಳಿದ್ದನ್ನು ಹಿಂದಿನವರು ಹೇಳಬೇಕು, ಸರಿಯೋ ತಪ್ಪೋ ಕೇಳಬಾರದು, ಅವಳು ಹಾದಿ ತಪ್ಪಿದರೆ ಎಲ್ಲರೂ ಕೂಡಿ ತಪ್ಪಬೇಕು, ಎಲ್ಲರೂ ಕೂಡಿ ತಪ್ಪಿದರೆ ಅದೇ ಹಾದಿ ಎಂದು ಕೇಳುವವರು ತಿಳಿದುಕೊಳ್ಳುತ್ತಾರೆ — ಸಾವಂತ್ರೆವ್ವ ನನಗೆ ಮೊದಲ ದಿನವೇ ಹೇಳಿದ್ದು, ಹೊಸ ಸೊಸೆ ನಾನು, ತಲೆಯ ಮೇಲಿನ ಸೆರಗು ಸರಿಯಾಗಿ ನಿಲ್ಲುತ್ತಿರಲಿಲ್ಲ, ಯಾರದೋ ಮನೆಯ ಭಜನೆಗೆ ಹೋಗಿ ಬಾಗಿಲಲ್ಲಿ ನಿಂತಿದ್ದೆ, ಅವಳು ಮುಂಗೈ ಹಿಡಿದು ಎಳೆದು, ಇಲ್ಲೆ ಕುಂಡ್ರು ನನ್ನ ಹಿಂದ, ನಾ ಅಂದದ್ದ ಅನ್ನು, ವಿಚಾರ ಮಾಡಾಕ ಹೋಗಬ್ಯಾಡ ಅಂದಿದ್ದಳು. ವಿಚಾರ ಮಾಡದೆ ಅಂದಿದ್ದೇವೆ ಎಲ್ಲವನ್ನೂ, ನಮ್ಮೂರ ಹುಚ್ಚೀರಪ್ಪನ ಮೊಮ್ಮಗಳ ಹೆಸರಿಡುವ ದಿನ ಪದ ನಡುಮಧ್ಯೆ ಇದ್ದಾಗ ಸಾವಂತ್ರೆವ್ವನಿಗೆ ನಾಯಿಯೊಂದು ಅಡಿಗೆಮನೆಗೆ ನುಗ್ಗಿದ್ದು ಕಂಡಿತು, ಹಾಡು ನಿಲ್ಲಿಸುವಂತಿಲ್ಲ, ಅದು ಅಪಶಕುನ, ಹಾಗಾಗಿ ಅವಳು ಅದೇ ರಾಗದಲ್ಲಿ, ನಾಯಿ ಒಳಗ ಹೊಕ್ಕಿತವ್ವಾ, ಹೋಳಿಗಿ ನೋಡ್ರೆವ್ವಾ ಅಂತ ಎಳೆದಳು, ನಾವು ತಾಳ ಹಾಕಿ ಕಣ್ಣು ಮುಚ್ಚಿ ಎರಡೆರಡು ಸಲ ಅದನ್ನೇ ಅಂದೆವು, ನಾಯಿ ಒಳಗ ಹೊಕ್ಕಿತವ್ವಾ, ಕೂತ ಜನ ಕೈ ಜೋಡಿಸಿಕೊಂಡು ತಲೆದೂಗಿದರು, ಒಬ್ಬರೂ ಏಳಲಿಲ್ಲ, ಸಾವಂತ್ರೆವ್ವ ಇನ್ನೂ ಜೋರಾಗಿ, ಹಚಾ ಅನ್ರೆವ್ವಾ ಅಂದಳು, ನಾವು ಅದನ್ನೂ ಭಕ್ತಿಯಿಂದ ಅಂದೆವು, ನಾಯಿ ಹೋಳಿಗೆ ಮುಗಿಸಿ ಹೊರಗೆ ಬಂದು ನಮ್ಮ ಮುಂದೆಯೇ ಮೈ ಮುರಿದು ಹೋಯಿತು. ಆಮೇಲೆ ಅನ್ನ ಸಾರು ಉಂಡು ಮನೆಗೆ ಬಂದೆವು.

ಹಾಗೆ ಹಾಡುವ ನಮಗೆ ಗಿರಣಿ ಗುರುವಾದದ್ದು ಹೋದ ಶ್ರಾವಣದಲ್ಲಿ, ಮೇಳದ ಹಳೆಯ ಹಾರ್ಮೋನಿಯಂ ಒಳಗೆ ಇಲಿ ಸಂಸಾರ ಹೂಡಿ ತಿದಿಯನ್ನೆಲ್ಲ ಕಡಿದುಹಾಕಿತ್ತು, ಒತ್ತಿದರೆ ಸ್ವರದ ಬದಲು ಹತ್ತಿಯ ಚೂರು ಹಾರುತ್ತಿತ್ತು, ಶ್ರುತಿ ಇಲ್ಲದೆ ಹೆಂಗ ಹಾಡೂದವ್ವ ಅಂತ ಎಲ್ಲರೂ ನಮ್ಮ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಕೂತು ಚಿಂತೆ ಮಾಡುತ್ತಿದ್ದಾಗ ಒಳಗೆ ನನ್ನ ಗಂಡ ಗಾಳೆಪ್ಪ ಮೋಟಾರು ಹಚ್ಚಿದ, ಊಂಂ ಎಂದಿತು ಅದು, ಸಾವಂತ್ರೆವ್ವ ತಲೆ ಎತ್ತಿ, ಇದs ಐತೆಲ್ಲ ಶ್ರುತಿ, ಮತ್ಯಾಕ ಚಿಂತಿ ಅಂದಳು. ಅಂದಿನಿಂದ ಗಿರಣಿಯೊಳಗೇ ತಾಲೀಮು, ನಾನು ಹುಟ್ಟಿದಾಗಿನಿಂದ ಗಟ್ಟಿದನಿಯವಳಲ್ಲ, ಗಿರಣಿಯಲ್ಲಿ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ಹೀಗಾದವಳು, ನನಗೆ ಆ ಊಂಂ ಎನ್ನುವುದು ಗಂಡನ ಗೊರಕೆಗಿಂತ ಹೆಚ್ಚು ಪರಿಚಯ, ಮೈಮೇಲೆಲ್ಲ ಹಿಟ್ಟು ಮೆತ್ತಿಕೊಂಡು ಎಲ್ಲರೂ ಆ ಶ್ರುತಿಗೆ ಹಾಡಿದೆವು, ಹಾಡಿದ್ದು ಹೆಚ್ಚಾಗಿ ಸಾವಂತ್ರೆವ್ವನ ತಾಯಿಯಿಂದ ಬಂದ ಬಾವಿಯ ಪದ, ಹಗ್ಗ ಸಾಲಲಿಲ್ಲವ್ವ ಆಳದ ಬಾವಿಗೆ, ಕೊಡ ನೀರ ಮುಟ್ಟಲಿಲ್ಲ — ಆದರೆ ಗಾಳೆಪ್ಪನದೊಂದು ಚಾಳಿ, ಮೊದಲ ಸಾಲು ಕೇಳುತ್ತ ಡಬ್ಬಿ ಹಿಡಿದು ನಿಲ್ಲುತ್ತಾನೆ, ಆಳದ ಬಾವಿಗೆ ಎನ್ನುವ ಹೊತ್ತಿಗೆ ಅವನಿಗೆ ಕೆಲಸ ನೆನಪಾಗುತ್ತದೆ, ಸರಿಯಾಗಿ ಅಲ್ಲೇ ಡಬ್ಬಿಯ ಜೋಳವನ್ನೆಲ್ಲ ಗಿರಣಿಯ ಬಾಯಿಗೆ ಸುರಿಯುತ್ತಾನೆ, ಜೋಳ ಬಿದ್ದ ಕೂಡಲೇ ಮೋಟಾರಿಗೆ ಭಾರ, ಊಂಂ ಎನ್ನುವುದು ಕುಸಿದು ಓಂಂ ಎಂದಾಗುತ್ತದೆ, ಶ್ರುತಿ ಕುಸಿದರೆ ನಾವೂ ಕುಸಿಯುತ್ತೇವೆ, ಜೋಳ ಅರೆದು ಹಗುರಾದ ಹಾಗೆ ಮೋಟಾರಿನ ಜೊತೆ ನಿಧಾನ ಮೇಲೆ ಬರುತ್ತೇವೆ. ಬೈದರೂ ಬಿಡಲಿಲ್ಲ ಅವನು, ಆಳದ ಬಾವಿ ಅಂದ್ಕೂಡ್ಲೆ ಕೈ ತಾನs ಬಾಗತಾವ ಏನ ಮಾಡ್ಲಿ ಅಂದ, ಸಜ್ಜೆಯಾದರೆ ಇಷ್ಟು ಕುಸಿತ ಇಲ್ಲ, ಜೋಳಕ್ಕೆ ಹೆಚ್ಚು, ಹೀಗೆ ತಿಂಗಳುಗಟ್ಟಲೆ ಆಗಿ ಆ ಕುಸಿತ ಎಲ್ಲರ ಗಂಟಲಲ್ಲೂ ಕೂತುಬಿಟ್ಟಿದೆ, ಈಗ ಮೋಟಾರು ಇಲ್ಲದಿದ್ದರೂ ಆ ಸಾಲು ಬಂದರೆ ಎಲ್ಲರೂ ಒಟ್ಟಿಗೆ ಬಾವಿಗೆ ಬೀಳುತ್ತೇವೆ. ವೇದಿಕೆಯ ಮೇಲೆ ಗೊತ್ತಾಗದೆ ಇರುತ್ತದೆಯೇ.

ಚಪ್ಪಾಳೆ, ಮುಂಡರಗಿಯವರದು ಮುಗಿಯಿತು, ಅವರು ಸಾಲಾಗಿ ಇಳಿಯುತ್ತಿದ್ದಾರೆ, ಇಳಿಯುವುದೂ ಒಂದೇ ಕಾಲು ಮುಂದಿಟ್ಟು — ಮಾಗಡಿ ಮೇಳ ಬರಬೇಕ್ರಿ ಅಂತ ಮೈಕಿನಲ್ಲಿ ಕರೆದರು, ನಡೀರಿ ನಡೀರಿ ಅಂತ ನಾನೇ ಸಾವಂತ್ರೆವ್ವನ ಬೆನ್ನಿಗೆ ಕೈ ಇಟ್ಟು ತಳ್ಳಿದೆ, ಏಕೆಂದರೆ ಕರೆದದ್ದು ಅವಳಿಗೆ ಕೇಳಿಲ್ಲ, ಈ ಮೇಳದಲ್ಲಿ ಅದು ನನಗೊಬ್ಬಳಿಗೇ ಗೊತ್ತು. ಗೊತ್ತಾದದ್ದು ಕೆರೆಯ ಬಾತುಗಳಿಂದ, ಚಳಿಗಾಲಕ್ಕೆ ಪರದೇಶದಿಂದ ನಮ್ಮ ಮಾಗಡಿ ಕೆರೆಗೆ ಬರುತ್ತವಲ್ಲ, ತಲೆಯ ಮೇಲೆ ಕರಿ ಗೀರು ಇದ್ದವು, ಒಂದು ಕೂಗಿದರೆ ಉಳಿದವೆಲ್ಲ ಅದನ್ನೇ ಕೂಗುತ್ತವೆ, ಅವುಗಳದೂ ನಮ್ಮದೇ ರಿವಾಜು, ಅವತ್ತು ಗಿರಣಿಯ ಕಟ್ಟೆಯ ಮೇಲೆ ಸಾವಂತ್ರೆವ್ವ ತಲೆ ತಗ್ಗಿಸಿ ಮೊರದಲ್ಲಿ ಜೋಳದ ಹರಳು ಆರಿಸುತ್ತಿದ್ದಳು, ತಗಡಿನ ಮೇಲೆಯೇ ಹಾದುಹೋಯಿತು ದೊಡ್ಡ ಹಿಂಡು, ಗದ್ದಲಕ್ಕೆ ದನಗಳು ಬೆದರಿದವು, ಅವಳು ಮೊರದಿಂದ ಕಣ್ಣೆತ್ತದೆ, ಯಾಕವ್ವ ಸುಮಿತ್ರಾ, ಈ ವರ್ಸ ಬಾತು ಬರಲೇ ಇಲ್ಲಲ್ಲ ಅಂದಳು. ಆಮೇಲೆ ತಲೆ ಎತ್ತಿ, ಹಿಟ್ಟಿನ ಚೀಲ ಹಿಡಿದು ನಿಂತಿದ್ದ ನನ್ನ ಮುಖ ನೋಡಿದಳು, ಬಂದಿಲ್ಲ ಅಂದೆ, ಅದೂ ಅವಳಿಗೆ ಕೇಳಲಿಲ್ಲ. ಆಮೇಲೆ ಒಂದೊಂದಾಗಿ ಕಂಡಿತು, ಹಾಡುವಾಗ ಅವಳ ಅಂಗೈ ಯಾವಾಗಲೂ ಗಿರಣಿಯ ಕಟ್ಟಿಗೆಯ ಪೆಟ್ಟಿಗೆಯ ಮೇಲೆ, ಹಿಟ್ಟು ಇಳಿಯುವಲ್ಲಿ, ಅದರ ನಡುಕದಲ್ಲೇ ಅವಳು ಶ್ರುತಿ ಹಿಡಿಯುತ್ತಿದ್ದಳು, ತುರಿಕೆ ಬಂದು ಕೈ ತೆಗೆದರೆ ದನಿ ಹಗ್ಗ ಬಿಚ್ಚಿದ ಕರುವಿನ ಹಾಗೆ ಎತ್ತಲೋ ಹೋಗುತ್ತಿತ್ತು, ಮತ್ತೆ ಕೈ ಇಟ್ಟರೆ ಗೂಟಕ್ಕೆ ಬರುತ್ತಿತ್ತು. ಹಾದಿ ತಪ್ಪಿದರೂ ನಾವು ಹಿಂದೆಯೇ ಹೋಗುತ್ತಿದ್ದರಿಂದ ಕಿವಿಯ ಸಂಗತಿ ಯಾರಿಗೂ ತಿಳಿಯಲಿಲ್ಲ, ಹಿಮ್ಮೇಳ ಇಷ್ಟು ವಿಧೇಯವಾಗಿದ್ದರೆ ಕಿವಿ ಇಲ್ಲದೆಯೂ ಬಾಳಬಹುದು.

ಕೂತೆವು, ಸಾವಂತ್ರೆವ್ವ ಮುಂದೆ, ನಾನು ನೇರ ಅವಳ ಹಿಂದೆ, ಎಡಕ್ಕೆ ಅಖ್ತರಿ, ಬಲಕ್ಕೆ ಹನಮಂತವ್ವ, ಸಾವಂತ್ರೆವ್ವನ ಸೊಸೆ ವನಿತಾ ಮಾತ್ರ ವೇದಿಕೆಯ ಕೆಳಗೆ ಫೋನು ಎತ್ತಿ ಹಿಡಿದು ನಿಂತಿದ್ದಾಳೆ, ಪೂರ್ತಿ ವಿಡಿಯೋ ತೆಗಿತೇನಿ ಅಂದಿದ್ದಾಳೆ, ಕಳೆದ ವಾರ ಗಿರಣಿಗೆ ಬಂದು, ಚಿಗವ್ವಾ, ಅತ್ತಿ ಈಗೀಗ ಭಾಳ ತಪ್ಪಾಕ ಹತ್ತ್ಯಾಳ, ಈ ಸಲ ನೀವs ಮುಂದ ಕುಂಡ್ರಿ, ನಾ ಆಕಿಗೆ ಹೇಳತೇನಿ ಅಂದಿದ್ದಳು. ನಾನು ಬೇಡ ಎಂದೆ, ಬಾಯಿ ಬೇಡ ಎಂದಿತು, ಮನಸ್ಸು ಅವತ್ತು ರಾತ್ರಿಯೆಲ್ಲ ಮುಂದೆ ಕೂತು ಹಾಡಿತು — ಸುಳ್ಳು ಯಾಕೆ, ಬೇಕು ನನಗೆ ಆ ಜಾಗ, ಎಷ್ಟು ವರ್ಷದಿಂದ ಬೇಕು, ನನ್ನ ದನಿ ಅವಳಿಗಿಂತ ಗಟ್ಟಿ, ಪದಗಳೆಲ್ಲ ಬಾಯಿಪಾಠ, ಒಂದು ಸಲವಾದರೂ ಮೊದಲು ನಾನು ಅನ್ನಬೇಕು, ಆಮೇಲೆ ಉಳಿದವರು ಅನ್ನಬೇಕು, ನನ್ನ ಜನ್ಮದಲ್ಲಿ ನಾನು ಮೊದಲು ಅಂದದ್ದು ಗಿರಣಿಯಲ್ಲಿ ನಾಳಿ ಬರ್ರಿ ಎನ್ನುವುದೊಂದೇ. ಬೆಳಿಗ್ಗೆ ಮುಸ್ತಾಕನ ಟೆಂಪೋದಲ್ಲಿ ಸಾವಂತ್ರೆವ್ವ ನನ್ನ ಮಗ್ಗುಲಲ್ಲೇ ಕೂತಿದ್ದಳು, ಇದ್ದಕ್ಕಿದ್ದಂತೆ, ಸುಮಿತ್ರಾ, ಹಾಡೂಮುಂದ ನಿನ್ನ ಮೊಣಕಾಲ ನನ್ನ ಬೆನ್ನಿಗೆ ಹಚ್ಚಿ ಕುಂಡ್ರು ಅಂದಳು, ಯಾಕ ಅಂತ ಕೈ ಮಾಡಿ ಕೇಳಿದೆ, ಥಂಡಿ ಆಗತೈತಿ ಅಂದಳು, ಈ ಉಗಾದಿಯ ಬಿಸಿಲಿನಲ್ಲಿ, ಟೆಂಪೋದ ತಗಡು ರೊಟ್ಟಿಯ ಹಂಚಾಗಿರುವಾಗ. ಆಮೇಲೆ ಹೊರಗೆ ನೋಡುತ್ತ, ಒತ್ತಿದರ ಏರಸ್ತೇನಿ, ಸಡಲ ಬಿಟ್ಟರ ಇಳಸ್ತೇನಿ ಅಂತ ಸೇರಿಸಿದಳು. ಥಂಡಿಗೆ ಏರಿಳಿತ ಯಾಕೆ ಬೇಕು ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ, ಶಿರಹಟ್ಟಿ ಬಂತು, ಇಳಿದು ಮಿರ್ಚಿ ತಿಂದೆವು.

ಹಾಗಾಗಿ ಈಗ ನನ್ನ ಬಲ ಮೊಣಕಾಲು ಅವಳ ಬೆನ್ನಿನಲ್ಲಿದೆ, ಪಿನ್ನಿನಿಂದ ಗೇಣು ಕೆಳಗೆ, ಆಚೆ ಮೂಲೆಯಲ್ಲಿ ಸ್ಪರ್ಧೆಯವರದೇ ಹಾರ್ಮೋನಿಯಂ, ನುಡಿಸಲು ಅವರದೇ ಆಳು ನವಾಜ, ನುಣ್ಣಗೆ ಬಾಚಿದ ಕೂದಲು, ಸ್ವರ ಹಿಡಿದು ನಮ್ಮ ಕಡೆ ನೋಡಿದ, ಸಾವಂತ್ರೆವ್ವನಿಗೆ ಅದು ಕೇಳುವುದಿಲ್ಲ, ಒತ್ತಿದೆ, ಪಿನ್ನು ಎದ್ದಿತು, ಸುರುಮಾಡಿದಳು, ತುಸು ಕೆಳಗಾಯಿತು, ಇನ್ನಷ್ಟು ಒತ್ತಿದೆ, ಏರಿಸಿದಳು, ಆತು, ಕೂತಿತು, ಸರಿಯಾಗಿ ಕೂತಿತು, ಅಯ್ಯ ನನ್ನವ್ವ ಏನು ದನಿ ಇದು, ಈ ವಯಸ್ಸಿನಲ್ಲೂ ತಳದಿಂದ ಸೇದಿದ ನೀರಿನ ಹಾಗೆ — ತಾಳ ತಾಳ, ನಮ್ಮ ಸರದಿ, ಹಗ್ಗ ಸಾಲಲಿಲ್ಲವ್ವ ಆಳದ ಬಾವಿಗೆ ಎಂದೆವು, ಎಂದವರೇ ಬಿದ್ದೆವು, ಎಲ್ಲರೂ ಒಟ್ಟಿಗೆ, ಅಖ್ತರಿ ಬಿದ್ದಳು, ನಾನು ಬಿದ್ದೆ, ಹನಮಂತವ್ವ ಅರ್ಧ ತಾಳ ತಡೆದು ಬಿದ್ದಳು, ಸಾವಂತ್ರೆವ್ವನಂತೂ ಅಂಗೈಯನ್ನು ನೆಲಕ್ಕೆ ಒತ್ತಿಕೊಂಡೇ ಬಿದ್ದಳು, ನವಾಜನ ಹಾರ್ಮೋನಿಯಂ ಒಂದೇ ಮೇಲೆ ದಂಡೆಯ ಮೇಲೆ ನಿಂತು ನಮ್ಮನ್ನು ಇಣುಕಿ ನೋಡುತ್ತಿತ್ತು. ಜನರ ನಡುವೆ ದೂರದ ಕಂಬದ ಹತ್ತಿರ ಗಾಳೆಪ್ಪ ನಿಂತಿದ್ದಾನೆ, ಕೈಯಲ್ಲಿ ಡಬ್ಬಿಯಿಲ್ಲ, ಏನೂ ಇಲ್ಲ, ಆದರೂ ಆಳದ ಬಾವಿಗೆ ಎಂದ ಕೂಡಲೇ ಅವನ ಎರಡೂ ಕೈ ಎದ್ದು ಮುಂದಕ್ಕೆ ಬಾಗಿದವು, ಇಲ್ಲದ ಜೋಳ ಸುರಿದವು, ಪಕ್ಕದವನು ಬೆಚ್ಚಿ ಸರಿದು ನಿಂತ, ಈ ಮನುಷ್ಯನನ್ನು ಮನೆಗೆ ಹೋಗಿ ನೋಡಿಕೊಳ್ಳುತ್ತೇನೆ. ನಿಧಾನ ಮೇಲೆ ಬಂದೆವು, ಜೋಳ ಅರೆದ ಹಾಗೆ, ನವಾಜ ಹಣೆ ಗಂಟು ಹಾಕಿಕೊಂಡು ಹುಡುಕುತ್ತಿದ್ದಾನೆ, ಬೆಟಗೇರಿಯಿಂದ ಬಂದ ನಿರ್ಣಾಯಕರು, ಶಾಲು ಹೊದ್ದ ಮುದುಕ ಮಾಸ್ತರರು, ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು, ಮುಖದಲ್ಲಿ ಏನು ಬರೆದಿದೆಯೋ ತಿಳಿಯುವುದಿಲ್ಲ. ಎರಡನೆಯ ನುಡಿಯಲ್ಲೂ ಬಿದ್ದೆವು, ಎದ್ದೆವು.

ಮೂರನೆಯ ನುಡಿ, ನನ್ನ ಕಾಲು ಎಲ್ಲಿದೆ — ಕಾಲು ಇಲ್ಲ, ಮೊಣಕಾಲಿನಿಂದ ಕೆಳಗೆ ಜೋಮು ಹಿಡಿದಿದೆ, ಮೊದಲು ಇರುವೆ ಹರಿದ ಹಾಗಿತ್ತು, ಈಗ ಅದೂ ಇಲ್ಲ, ಯಾರದೋ ಕಾಲನ್ನು ತಂದು ನನಗೆ ಜೋಡಿಸಿದ ಹಾಗಿದೆ, ಒತ್ತಿದ್ದೇನೋ ಬಿಟ್ಟಿದ್ದೇನೋ ನನಗೇ ತಿಳಿಯದು, ಸಾವಂತ್ರೆವ್ವ ಏರಿಸಿದಳು, ಯಾಕೆ ಏರಿಸಿದಳು, ಮತ್ತೂ ಏರಿಸಿದಳು, ಅಯ್ಯೋ ಜೋಮು ಹಿಡಿದ ಕಾಲು ಹಿಟ್ಟಿನ ಚೀಲದ ಹಾಗೆ ಅವಳ ಬೆನ್ನಿಗೆ ಒರಗಿಕೊಂಡಿದೆ, ನಾನೇ ಒತ್ತುತ್ತಿದ್ದೇನೆ ಎಂದು ಅವಳು ತಿಳಿದುಕೊಂಡಿದ್ದಾಳೆ, ಪಾಪ ಹೇಳಿದ ಹಾಗೆ ಕೇಳುತ್ತಿದ್ದಾಳೆ, ಒತ್ತಿದರ ಏರಸ್ತೇನಿ ಅಂದಿದ್ದಳಲ್ಲ, ಏರಿಸುತ್ತಲೇ ಇದ್ದಾಳೆ, ಮೇಳದ ರಿವಾಜಿನಂತೆ ನಾವೆಲ್ಲ ಹಿಂದೆ ಏರುತ್ತಿದ್ದೇವೆ, ಅಖ್ತರಿಯ ಕಣ್ಣು ದೊಡ್ಡವಾದವು, ಹನಮಂತವ್ವನ ದನಿ ಕಿರ್ರ್ ಎಂದು ಬಾಗಿಲಾಯಿತು, ನವಾಜನ ಬೆರಳು ಬಲತುದಿಗೆ ಹೋಗಿ ಅಲ್ಲಿ ಇನ್ನು ಮನೆ ಇಲ್ಲ ಎಂದು ನಿಂತವು, ಮುಂಡರಗಿಯವರ ಹಸಿರು ಸಾಲು ಒಂದೇ ಅಳತೆಗೆ ನಗುತ್ತಿದೆ, ವನಿತಾಳ ಫೋನು ಮೇಲೆಯೇ ಇದೆ. ಸುಮ್ಮನಿರು ಸುಮಿತ್ರವ್ವ, ಈಗ ಬಾಯಿ ಮುಚ್ಚಿದರೆ ಸಾಕು, ಇಲ್ಲವೇ ಅವಳ ಹಿಂದೆ ಹೋಗದೆ ಸರಿಯಾದ ಶ್ರುತಿಯಲ್ಲೇ ಗಟ್ಟಿಯಾಗಿ ನಿಂತುಬಿಡು, ಎಲ್ಲರಿಗೂ ತಿಳಿಯುತ್ತದೆ, ತಪ್ಪಿದವಳು ಯಾರು, ಸರಿಯಿದ್ದವಳು ಯಾರು, ನಾಳೆಯಿಂದ ಆ ಜಾಗ ನಿನ್ನದು, ನೀನೇನೂ ಕಸಿದುಕೊಂಡ ಹಾಗಲ್ಲ, ಅದೇ ಬಂದು ಮಡಿಲಿಗೆ ಬಿದ್ದ ಹಾಗೆ — ಪಿನ್ನು ನಡುಗುತ್ತಿದೆ. ಎಂದೂ ನಡುಗಿದ್ದಲ್ಲ, ಎದ್ದಿದೆ, ಇಳಿದಿದೆ, ನಡುಗಿರಲಿಲ್ಲ, ಅವಳಿಗೆ ಗೊತ್ತಾಗಿದೆ, ಎಲ್ಲಿದ್ದೇನೆ ಎಂದು ತಿಳಿಯದೆ ಹೆದರಿದ್ದಾಳೆ, ಅಷ್ಟು ಜನರ ಮುಂದೆ ಒಬ್ಬಳೇ ಕತ್ತಲಲ್ಲಿ ನಡೆಯುತ್ತಿದ್ದಾಳೆ, ನನ್ನ ಕಾಲನ್ನು ನಂಬಿಕೊಂಡು. ತಾಳ ಬಿಟ್ಟೆ, ಬಿದ್ದು ಝಣ್ ಎಂದಿತು, ಎರಡೂ ಕೈಯಿಂದ ಅವಳ ಭುಜ ಹಿಡಿದೆ, ಹಣೆಯನ್ನು ಅವಳ ಬೆನ್ನಿಗೆ ಊರಿದೆ, ಪಿನ್ನು ಚುರ್ ಎಂದು ಹಣೆಗೆ ಚುಚ್ಚಿತು, ಊಂಂ ಎಂದೆ, ಪದ ಅಲ್ಲ, ಶಬ್ದ ಅಲ್ಲ, ಗಿರಣಿ, ನನ್ನ ಗಿರಣಿಯ ಮೋಟಾರು, ಬೆಳಗಿನ ಮೊದಲ ಗಿರಾಕಿಗೆ ಹಚ್ಚಿದಾಗ ಹೇಗೆ ಎನ್ನುತ್ತದೆಯೋ ಹಾಗೆ ಎದೆಯಿಂದ ಊಂಂ ಎಂದೆ, ಅವಳ ಬೆನ್ನೆಲುಬಿನೊಳಗೆ ಅಂದೆ, ಬೆನ್ನು ಒಂದು ಗಳಿಗೆ ಬಿಗಿದುಕೊಂಡಿತು, ಆಮೇಲೆ ಗುರುತು ಹಿಡಿಯಿತು, ಗೂಟ ಕಂಡ ಕರುವಿನ ಹಾಗೆ ದನಿ ಇಳಿಯುತ್ತ ಇಳಿಯುತ್ತ ಬಂತು, ಆಳದ ಬಾವಿಗೆ ಎನ್ನುವಲ್ಲಿ ನಾನೇ ಜೋಳ ಸುರಿದುಕೊಂಡೆ, ಊಂಂ ಕುಸಿದು ಓಂಂ ಆಯಿತು, ಅವಳು ನನ್ನ ಜೊತೆ ತಳಕ್ಕೆ ಬಂದಳು, ಮೇಳವೆಲ್ಲ ಬಂತು, ನವಾಜನೂ ಬಂದ. ಪದ ಮುಗಿಯಿತು.

ಚಪ್ಪಾಳೆಯೋ ಚಪ್ಪಾಳೆ, ಮುಂದಿನ ಸಾಲಿನಲ್ಲಿ ಒಬ್ಬಾಕೆ ಕಣ್ಣು ಒರೆಸಿಕೊಂಡು ನನ್ನ ಕಡೆ ಕೈ ಮುಗಿದಳು, ಮೈಮೇಲೆ ದೇವಿ ಬಂದಳು ಎಂದು ತಿಳಿದಿರಬೇಕು, ಹಣೆಯ ಮೇಲೆ ಪಿನ್ನು ಚುಚ್ಚಿದ ರಕ್ತದ ಬೊಟ್ಟು ಬೇರೆ, ಕಾಲಿಗೆ ಈಗ ಜೀವ ಬರುತ್ತಿದೆ, ಸೂಜಿ ಸೂಜಿ, ಮುಖ ಕಿವುಚಿಕೊಂಡರೆ ಅದನ್ನೂ ಭಕ್ತಿ ಎನ್ನುತ್ತಾರೆ. ಬೆಟಗೇರಿಯ ಮಾಸ್ತರರು ಮೈಕು ಹಿಡಿದು ಎದ್ದರು, ಮುಂಡರಗಿಯವರೂ ಮಾಗಡಿಯವರೂ ಸಮಸಮ ಬಂದಿದ್ದಾರೆ ಎಂದರು, ಆದರೆ ಆಳದ ಬಾವಿಯಲ್ಲಿ ಈ ತಾಯಂದಿರು ದನಿಯನ್ನೇ ಒಂದು ಕೊಡ ಮಾಡಿ ಇಳಿಬಿಟ್ಟರಲ್ಲ, ಇಂಥ ಇಳಿಕೆಯನ್ನು ತಾವು ತಮ್ಮ ಜೀವಮಾನದಲ್ಲಿ ಕೇಳಿಲ್ಲ, ಇದು ಯಾವ ಪರಂಪರೆ, ಯಾರು ಕಲಿಸಿದ್ದು, ತೀರ್ಪು ಹೇಳುವ ಮೊದಲು ಆ ಸಾಲು ಇನ್ನೊಮ್ಮೆ ಕೇಳಬೇಕು ಎಂದರು. ಕಂಬದ ಹತ್ತಿರ ನಮ್ಮ ಪರಂಪರೆ ಬಾಯಿ ತೆರೆದುಕೊಂಡು ನಿಂತಿದೆ, ಎಲೆಯಡಿಕೆ ಹಾಕಿಕೊಂಡು. ಮಾಸ್ತರರು ಸಾವಂತ್ರೆವ್ವನನ್ನೇ ನೋಡಿ ಕೇಳಿದ್ದು, ಎಲ್ಲರೂ ಅವಳನ್ನೇ ನೋಡುತ್ತಿದ್ದಾರೆ, ಅವಳು ನಗುತ್ತ ಕೂತಿದ್ದಾಳೆ, ಹೂಂ ಹೂಂ ಎಂದು ತಲೆ ಆಡಿಸಿದಳು, ಅವರು ಮತ್ತೆ ಕೇಳಿದರು, ಅವಳು ಮತ್ತೆ ತಲೆ ಆಡಿಸಿದಳು, ನಾನೇ ಏನಾದರೂ ಹೇಳಿಬಿಡಲೇ, ಹೇಳಿದರೆ ಅವಳ ಬದಲು ನಾನು ಯಾಕೆ ಹೇಳಿದೆ ಎಂದು ಕೇಳುತ್ತಾರೆ, ಮೊಣಕಾಲಿನಲ್ಲಿ ಇದನ್ನು ಹೇಗೆ ಹೇಳುವುದು — ಅಷ್ಟರಲ್ಲಿ ಅವಳು ಪೂರ್ತಿ ನನ್ನ ಕಡೆ ತಿರುಗಿ ಕೂತಳು, ಮೈಕು ಅವಳ ಗಲ್ಲದ ಹತ್ತಿರವೇ ಇದೆ, ನನ್ನ ಕಿವಿಗೆ ಬಗ್ಗಿ ಗುಟ್ಟಾಗಿ ಹೇಳುತ್ತಿದ್ದೇನೆ ಎಂದುಕೊಂಡಿದ್ದಾಳೆ, ತನ್ನ ದನಿ ಎಷ್ಟು ದೊಡ್ಡದು ಎಂಬುದು ಅವಳಿಗೀಗ ತಿಳಿಯುವುದಿಲ್ಲ, ಮಂಟಪದ ನಾಲ್ಕೂ ಮೂಲೆಯ ಸ್ಪೀಕರಿನಿಂದ ಬಂತು ಅವಳ ಗುಟ್ಟು.

ಸುಮಿತ್ರಾ, ಅವರು ಏನ ಕೇಳಾಕತ್ತ್ಯಾರೋ ನನಗ ತಿಳೀವಲ್ದು, ನನ್ನ ಕಿವಿ ಹೋಗ್ಯಾವು, ನಿನಗ ಗೊತ್ತೈತಿ ಅನ್ನೂದೂ ನನಗ ಗೊತ್ತೈತಿ, ಬಾತು ಬಂದಾಗ ನೀ ಬಂದಿಲ್ಲ ಅಂತ ತುಟಿ ಆಡಿಸಿದಿ, ನಾ ಮ್ಯಾಲೆ ನೋಡಿದ್ನೆವ್ವ, ಮುಗಲ ತುಂಬ ಇದ್ವು. ಅಖ್ತರಿಯ ತಾಳ ಜಾರಿತು, ವನಿತಾ ಫೋನು ಕೆಳಗಿಳಿಸಿ ಅತ್ತೆಯನ್ನೇ ನೋಡುತ್ತ ನಿಂತಳು, ನಾನು ಮೈಕು, ಮೈಕು ಎಂದು ಕಣ್ಣಿನಲ್ಲೇ ಸನ್ನೆ ಮಾಡಿದೆ, ಅವಳು ನೋಡಲಿಲ್ಲ, ಗಿರಣಿ ಒಂದ ಕೇಳತಿತ್ತು ನನಗ, ಅದೂ ಕೈಗೆ, ಇವತ್ತ ಬೆನ್ನಿಗೆ ಕೇಳಿತು, ಸಾಕು, ನೀ ಮುಂದ ಬಾ ಅಂದಳು. ಒಲ್ಲೆ ಎಂದು ತಲೆ ಆಡಿಸಿದೆ, ಇಷ್ಟು ವರ್ಷ ಬೇಕು ಬೇಕು ಎಂದ ನಾನೇ ಒಲ್ಲೆ ಎಂದೆ, ಅವಳು ಅದೇ ಹಳೆಯ ಪಟ್ಟಿನಲ್ಲಿ ಮುಂಗೈ ಹಿಡಿದು ಎಳೆದಳು, ಎಳೆದು ಮುಂದೆ ಕೂರಿಸಿ ತಾನು ಹಿಂದೆ ಸರಿದಳು, ಹಿಂದೆ ಏನೋ ಮಾಡುತ್ತಿದ್ದಾಳೆ, ತನ್ನ ಬೆನ್ನಿಗೆ ಕೈ ತಿರುವಿ ಏನೋ ಬಿಚ್ಚುತ್ತಿದ್ದಾಳೆ, ಆಮೇಲೆ ನನ್ನ ಕುತ್ತಿಗೆಯ ಕೆಳಗೆ ಅವಳ ಬೆರಳು, ಸೆರಗನ್ನು ಕುಪ್ಪಸಕ್ಕೆ ಸೇರಿಸಿ ಹಿಡಿದವು, ಕಚಕ್ ಎಂದಿತು, ಹಿಂದಿನವರಿಗೆ ನೋಡಾಕ ಏನಾರ ಬೇಕಲ್ಲ ಅಂದಳು, ಅದೂ ಸ್ಪೀಕರಿನಲ್ಲಿ ಬಂತು. ತಣ್ಣಗಿದೆ ಪಿನ್ನು, ಓರೆಯಾಗಿಯೇ ಹಾಕಿದ್ದಾಳೆ, ನೋಡದೆಯೂ ಗೊತ್ತಾಗುತ್ತದೆ, ನವಾಜ ಸ್ವರ ಹಿಡಿದು ಕಾಯುತ್ತಿದ್ದಾನೆ, ಮುಂದೆ ಜನ, ಇಷ್ಟೊಂದು ಮುಖ, ಮುಖಗಳಿಗೆ ಕಣ್ಣು, ನಾನು ಎಂದೂ ನೋಡಿರಲಿಲ್ಲ, ಗಾಳೆಪ್ಪನ ಕೈಗಳು ಆಗಲೇ ಅರ್ಧ ಎದ್ದಿವೆ, ಹಾರ ಹಾಕಿಕೊಂಡ ಹಾರ್ಮೋನಿಯಂ ಪಕ್ಕದಲ್ಲೇ ಇದೆ, ಹಗ್ಗ ಸಾಲಲಿಲ್ಲವ್ವ ಎನ್ನಬೇಕು, ನಾನು ಮೊದಲು ಎನ್ನಬೇಕು, ಪಿನ್ನು ಎದ್ದರೆ ಎನ್ನಬೇಕು, ಪಿನ್ನು ಎಲ್ಲಿ, ಮುಂದೆ ಬೆನ್ನಿಲ್ಲ, ಪಿನ್ನು ಕಾಣುವುದಿಲ್ಲ, ಅದು ಹಿಂದಿದೆ, ಅಖ್ತರಿ ನೋಡುತ್ತಿದ್ದಾಳೆ, ಹನಮಂತವ್ವ ನೋಡುತ್ತಿದ್ದಾಳೆ, ಸಾವಂತ್ರೆವ್ವ ನೋಡುತ್ತಿದ್ದಾಳೆ, ಏಳಲಿ ಎಂದು ಕಾಯುತ್ತಿದ್ದಾರೆ, ನಾನೂ ಕಾಯುತ್ತಿದ್ದೇನೆ, ಅದು ಏಳುತ್ತಿಲ್ಲ, ಯಾರು ಏಳಿಸಬೇಕು ಅದನ್ನು — ಬೆನ್ನಿಗೆ ಮೊಣಕಾಲು ತಾಗಿತು, ಮೆತ್ತಗೆ, ಆಮೇಲೆ ಒತ್ತಿ — ಉಸಿರು — ಪಿನ್ನು